ಸ್ಕೈರಿಮ್‌ಗೆ ಮಾಡ್ ಹಾಕಲು ಹೊರಟವರಿಗೆ: ಯಾವ ದಾರಿ ಯಾರಿಗೆ?

ಸ್ಕೈರಿಮ್ ಎಂಬ ಕಂಪ್ಯೂಟರ್ ಆಟ ಬಂದದ್ದು 2011ರಲ್ಲಿ. ಇವತ್ತಿಗೂ ಜನ ಅದನ್ನು ಬಿಡದೆ ಆಡುತ್ತಿರುವುದಕ್ಕೆ ದೊಡ್ಡ ಕಾರಣ ಮಾಡ್‌ಗಳು, ಅಂದರೆ ಆಟವನ್ನು ಬದಲಿಸಲು ಹೆಚ್ಚಾಗಿ ಆಟಗಾರರೇ ಮಾಡಿ ಹಂಚುವ ಫೈಲ್‌ಗಳು. ಆದರೆ ಹೊಸಬರು ಸಿಕ್ಕಿಹಾಕಿಕೊಳ್ಳುವುದು ಯಾವ ಮಾಡ್ ಹಾಕಲಿ ಎಂಬಲ್ಲಿ ಅಲ್ಲ, ಹೇಗೆ ಹಾಕಲಿ ಎಂಬಲ್ಲಿ. ಮಾಡ್ ಹಾಕಿ, ತೆಗೆದು, ಹೊಂದಿಸುವ ಸಾಫ್ಟ್‌ವೇರ್‌ಗೆ ಮ್ಯಾನೇಜರ್ ಅನ್ನುತ್ತಾರೆ. ಅವುಗಳಲ್ಲಿ ಒಬ್ಬರು ವೋರ್ಟೆಕ್ಸ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ಮಾಡ್ ಆರ್ಗನೈಸರ್ ಬಿಟ್ಟು ಬೇರೆಯದನ್ನು ಮುಟ್ಟಲೇಬೇಡಿ ಅನ್ನುತ್ತಾರೆ. ಮತ್ತೊಬ್ಬರ ಪ್ರಕಾರ ವಾಬಾಜ್ಯಾಕ್‌ನಲ್ಲಿ ಒಂದು ಬಟನ್ ಒತ್ತಿದರೆ ಸಾವಿರ ಮಾಡ್ ತಾನಾಗಿ ಬಂದು ಕೂರುತ್ತವೆ. ಇವೆಲ್ಲದರ ಜೊತೆ ಆಟದ ಮೆನುವಿನಲ್ಲೇ ಕ್ರಿಯೇಷನ್ಸ್ ಅಂತ ಒಂದು ಇದೆ. ಯಾರೂ ಸುಳ್ಳು ಹೇಳುತ್ತಿಲ್ಲ, ಅವರವರ ಅಗತ್ಯ ಬೇರೆ ಬೇರೆ ಅಷ್ಟೆ.

ಮಾಡ್ ಹಾಕುವ ಕೆಲಸ ಈಗ ಎಲ್ಲ ದಾರಿಯಲ್ಲೂ ಸುಲಭ. ವ್ಯತ್ಯಾಸ ಗೊತ್ತಾಗುವುದು ಕೆಟ್ಟಾಗ. ಐವತ್ತನೇ ಮಾಡ್ ಹಾಕಿದ ಮೇಲೆ ಆಟ ಲೋಗೊ ತೋರಿಸಿ ಮುಚ್ಚಿಹೋಯಿತು ಅಂದುಕೊಳ್ಳಿ. ಕಾರಣ ಯಾವುದು ಅಂತ ಹುಡುಕಿ, ಅದೊಂದನ್ನೇ ತೆಗೆದು, ಉಳಿದ ನಲವತ್ತೊಂಬತ್ತನ್ನು ಹಾಗೇ ಉಳಿಸಿಕೊಳ್ಳುವುದು ನಿಮ್ಮ ಕೈಲಾಗುತ್ತದೆಯೇ, ಇಲ್ಲ ಬೇರೆಯವರನ್ನು ಕಾಯಬೇಕೇ? ದಾರಿ ಆರಿಸುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಇದು.

ಮೊದಲು: ನಿಮ್ಮ ಬಳಿ ಇರುವುದು ಯಾವ ಸ್ಕೈರಿಮ್?

2011ರ ಮೂಲ ಆವೃತ್ತಿ 32-ಬಿಟ್‌ನದು. ಅದು 4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸಲಾರದು, ಹಾಗಾಗಿ ನಾಲ್ಕು ದೊಡ್ಡ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಮಾಡ್ ಹಾಕಿದರೆ ಕುಸಿಯುತ್ತದೆ. ಹೊಸದಾಗಿ ಶುರು ಮಾಡುವವರು ಅದರ ಗೋಜಿಗೆ ಹೋಗಬೇಡಿ. 2016ರ ಅಕ್ಟೋಬರ್‌ನಲ್ಲಿ ಬಂದ ಸ್ಪೆಷಲ್ ಎಡಿಷನ್ 64-ಬಿಟ್. ಈಗ ಬರುವ ಮಾಡ್‌ಗಳೆಲ್ಲ ಹೆಚ್ಚುಕಡಿಮೆ ಇದಕ್ಕೇ. 2021ರ ಆನಿವರ್ಸರಿ ಎಡಿಷನ್ ಪ್ರತ್ಯೇಕ ಆಟವೇನಲ್ಲ. ಅದೇ ಸ್ಪೆಷಲ್ ಎಡಿಷನ್, ಮೇಲೆ ಆಟ ಮಾಡಿದ ಬೆಥೆಸ್ಡಾ ಕಂಪನಿಯ ಮಾರಾಟ ಮಳಿಗೆ ಕ್ರಿಯೇಷನ್ ಕ್ಲಬ್‌ನ ಸರಕಿನ ಒಂದು ಕಟ್ಟು.

ಗೊಂದಲ ಹುಟ್ಟುವುದು ಆವೃತ್ತಿ ಸಂಖ್ಯೆಯಲ್ಲಿ. ಆಟದ ಇಎಕ್ಸ್‌ಇ ಫೈಲ್ 1.5.97ರಿಂದ 1.6ಕ್ಕೆ ಹೋದಾಗ ಒಳಗಿನ ವಿಳಾಸಗಳೆಲ್ಲ ಬದಲಾದವು. ಆಟದ ಕೋಡ್‌ಗೇ ಕೈಹಾಕುವ ಡಿಎಲ್‌ಎಲ್ ಫೈಲ್ ಇರುವ ಮಾಡ್‌ಗಳು ಅಂದಿನಿಂದ ಎರಡು ಪಂಗಡವಾಗಿವೆ. ಮಾಡ್ ಪುಟದಲ್ಲಿ 'ಎಸ್‌ಇ' ಮತ್ತು 'ಎಇ' ಅಂತ ಎರಡು ಫೈಲ್ ಕಂಡರೆ, ಅದು ನೀವು ಕೊಂಡ ಎಡಿಷನ್‌ನ ಹೆಸರು ಅಂದುಕೊಳ್ಳಬೇಡಿ. ಬಹುತೇಕ ಕಡೆ ಅದರ ಅರ್ಥ 1.5.97 ಮತ್ತು 1.6 ಅಂತಲೇ. ಆನಿವರ್ಸರಿ ಕಟ್ಟು ಕೊಳ್ಳದಿದ್ದರೂ ನಿಮ್ಮ ಆಟ 1.6.1170 ಆಗಿದ್ದರೆ ನಿಮಗೆ ಬೇಕಾದ ಫೈಲ್ 'ಎಇ'. ಆಟದ ಫೋಲ್ಡರ್‌ನಲ್ಲಿ ಸ್ಕೈರಿಮ್‌ಎಸ್‌ಇ ಇಎಕ್ಸ್‌ಇ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಟ್ಯಾಬ್ ನೋಡಿದರೆ ಸಂಖ್ಯೆ ಸಿಗುತ್ತದೆ. ಬರೆದಿಟ್ಟುಕೊಳ್ಳಿ.

ಇನ್ನು ಎಲ್ಲಿ ಕೊಂಡಿದ್ದೀರಿ ಎಂಬುದು. ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್, ಅಂದರೆ ಎಸ್‌ಕೆಎಸ್‌ಇ, ಆಟದ ಸ್ಕ್ರಿಪ್ಟ್‌ಗಳಿಗೆ ಹೊಸ ಶಕ್ತಿ ಕೊಡುವ ಉಪಕರಣ, ದೊಡ್ಡ ಮಾಡ್‌ಗಳ ಅಡಿಪಾಯ. ಮೆನು ಬದಲಿಸುವ ಸ್ಕೈಯುಐನಿಂದ ಹಿಡಿದು ಹೊಸ ಕಾದಾಟದ ಮಾಡ್‌ಗಳವರೆಗೆ ಅದನ್ನೇ ನೆಚ್ಚಿಕೊಂಡಿವೆ. ಅದು ಸ್ಟೀಮ್ ಮತ್ತು ಜಿಒಜಿ ಪ್ರತಿಗಳಿಗೆ ಇದೆ, ಎರಡಕ್ಕೂ ಬೇರೆ ಬೇರೆ ಡೌನ್‌ಲೋಡ್. ಗೇಮ್ ಪಾಸ್ ಮತ್ತು ಎಪಿಕ್ ಪ್ರತಿಗಳಿಗೆ ಇಲ್ಲ. ಗೇಮ್ ಪಾಸ್‌ನಲ್ಲಿ ಆಡುವವರು ಇಲ್ಲೇ ಒಂದು ತೀರ್ಮಾನ ಮಾಡಬೇಕು: ಎಸ್‌ಕೆಎಸ್‌ಇ ಬೇಡದ ಮಾಡ್‌ಗಳಲ್ಲೇ ತೃಪ್ತರಾಗುವುದು, ಅಥವಾ ಸ್ಟೀಮ್ ಇಲ್ಲವೇ ಜಿಒಜಿಯಲ್ಲಿ ಇನ್ನೊಂದು ಪ್ರತಿ ಕೊಳ್ಳುವುದು. ಜಿಒಜಿಗೆ ಒಂದು ಅನುಕೂಲವಿದೆ. ಇನ್‌ಸ್ಟಾಲರ್ ಇಳಿಸಿಟ್ಟುಕೊಂಡರೆ ಆಟ ತಾನಾಗಿ ಅಪ್‌ಡೇಟ್ ಆಗುವ ಭಯವಿಲ್ಲ. ಸ್ಟೀಮ್‌ನವರು ಆಟದ ಪ್ರಾಪರ್ಟೀಸ್‌ನಲ್ಲಿ ಅಪ್‌ಡೇಟ್ಸ್‌ಗೆ ಹೋಗಿ 'ಆಟ ಶುರು ಮಾಡಿದಾಗ ಮಾತ್ರ' ಎಂಬ ಆಯ್ಕೆ ಇಟ್ಟು, ಆಮೇಲೆ ಆಟವನ್ನು ಸದಾ ಎಸ್‌ಕೆಎಸ್‌ಇ ಲೋಡರ್‌ನಿಂದಲೇ ತೆರೆಯಬೇಕು. ಇಷ್ಟು ಮಾಡದವರಿಗೆ ಒಂದು ದಿನ ಬೆಳಗ್ಗೆ ಎಸ್‌ಕೆಎಸ್‌ಇ 'ಆಟದ ಆವೃತ್ತಿ ನನಗಿಂತ ಹೊಸದು' ಅನ್ನುತ್ತದೆ, ಡಿಎಲ್‌ಎಲ್ ಮಾಡ್‌ಗಳೆಲ್ಲ ಒಟ್ಟಿಗೆ ಮಲಗುತ್ತವೆ.

ಯಾವುದರ ಮೇಲೆ ತೂಗಬೇಕು?

ಮೊದಲನೆಯದು ಹಿಂದಕ್ಕೆ ಬರುವ ಸೌಕರ್ಯ. ಒಂದು ಮಾಡ್ ತೆಗೆದರೆ ಆಟದ ಫೋಲ್ಡರ್ ಹಿಂದಿನಂತೆಯೇ ಆಗುತ್ತದೆಯೇ? ಎರಡನೆಯದು ಘರ್ಷಣೆ ಕಣ್ಣಿಗೆ ಕಾಣುತ್ತದೆಯೇ ಎಂಬುದು. ಎರಡು ಮಾಡ್ ಒಂದೇ ಫೈಲನ್ನು ಬದಲಿಸಿದಾಗ ಯಾವುದು ಗೆದ್ದಿತು ಅಂತ ಮ್ಯಾನೇಜರ್ ತೋರಿಸಬೇಕು. ಮೂರನೆಯದು ಎಸ್‌ಕೆಎಸ್‌ಇ ಮಾಡ್‌ಗಳಿಗೆ ಜಾಗ ಇದೆಯೇ. ನಾಲ್ಕನೆಯದು ಡಿಸ್ಕ್ ಮತ್ತು ಇಂಟರ್‌ನೆಟ್ ಎಷ್ಟು ನುಂಗುತ್ತದೆ. ಕೊನೆಯದನ್ನು ಹೆಚ್ಚಿನವರು ಯೋಚಿಸುವುದಿಲ್ಲ: ಫಲಿತಾಂಶ ನಿಮ್ಮ ರುಚಿಯದೋ, ಪಟ್ಟಿ ಮಾಡಿದವರ ರುಚಿಯದೋ.

ಕೈಯಾರೆ ಫೈಲ್ ಸುರಿಯುವುದು

ಜಿಪ್ ಬಿಚ್ಚಿ ಡೇಟಾ ಫೋಲ್ಡರ್‌ಗೆ ನಕಲು ಮಾಡುವ ಹಳೆಯ ಪದ್ಧತಿ. ಮೂರು ಮಾಡ್‌ಗೆ ಸಾಕು, ಮೂವತ್ತಕ್ಕೆ ಆಗದು. ಎರಡನೇ ಮಾಡ್ ಮೊದಲನೆಯದರ ಫೈಲನ್ನು ಅಳಿಸಿ ಕೂತರೆ ಅಳಿದದ್ದು ಮರಳಿ ಬಾರದು. ಸ್ಟೀಮ್‌ನಲ್ಲಿ ಫೈಲ್ ತಪಾಸಣೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಒಂದು ನಂಬಿಕೆ ಇದೆ. ಅದು ಮೂಲ ಫೈಲ್‌ಗಳನ್ನು ಮಾತ್ರ ಸರಿಪಡಿಸುತ್ತದೆ, ನೀವು ಸೇರಿಸಿದ ಹೆಚ್ಚುವರಿ ಫೈಲ್‌ಗಳನ್ನು ಮುಟ್ಟುವುದಿಲ್ಲ. ಈ ದಾರಿಯನ್ನು ಆಯ್ಕೆಯ ಪಟ್ಟಿಯಿಂದ ಹೊಡೆದುಹಾಕಿ.

ಕ್ರಿಯೇಷನ್ಸ್: ಆಟದ ಒಳಗಿನ ಮೆನು

ಬೆಥೆಸ್ಡಾ ಖಾತೆಯಿಂದ ಒಳಗೆ ಹೋಗಿ, ಹುಡುಕಿ, ಒತ್ತಿದರೆ ಮುಗಿಯಿತು. 2023ರ ಡಿಸೆಂಬರ್‌ನಲ್ಲಿ ಹಳೆಯ ಮಾಡ್ಸ್ ಮೆನುವನ್ನೂ ಕ್ರಿಯೇಷನ್ ಕ್ಲಬ್ಬನ್ನೂ ಒಂದುಗೂಡಿಸಿ ಇದನ್ನು ಮಾಡಿದರು. ಉಚಿತವಾದದ್ದೂ ಇದೆ, ಕ್ರೆಡಿಟ್ ಕೊಟ್ಟು ಕೊಳ್ಳುವುದೂ ಇದೆ. ಮನೆ, ಆಯುಧ, ಒಂದಿಷ್ಟು ಹೊಸ ಕ್ವೆಸ್ಟ್ ಇದ್ದರೆ ಸಾಕು ಅನ್ನುವವರಿಗೆ ಇದರಲ್ಲಿ ತಲೆನೋವು ಕಡಿಮೆ. ಬೇರೆ ಯಾವ ಸಾಫ್ಟ್‌ವೇರ್ ಕಲಿಯಬೇಕಾಗಿಲ್ಲ.

ಕೊರತೆ ಎರಡು. ಎಸ್‌ಕೆಎಸ್‌ಇ ಆಧರಿಸಿದ ಮಾಡ್ ಇಲ್ಲಿ ಸಿಗುವುದಿಲ್ಲ, ಆದ್ದರಿಂದ ಮೆನು, ಅನಿಮೇಷನ್, ಕಾದಾಟ ಈ ಮೂರರಲ್ಲೂ ದೊಡ್ಡ ಬದಲಾವಣೆಯ ಆಸೆ ಬಿಡಬೇಕು. ಮತ್ತೆ, ಫೈಲ್‌ಗಳು ನೇರ ಡೇಟಾ ಫೋಲ್ಡರ್‌ಗೆ ಬೀಳುತ್ತವೆ, ಯಾವುದು ಯಾವುದರ ಮೇಲೆ ಕೂತಿದೆ ಅಂತ ನೋಡುವ ಉಪಾಯವಿಲ್ಲ. ಇದರಲ್ಲಿ ಶುರು ಮಾಡಿ ಆಮೇಲೆ ಮ್ಯಾನೇಜರ್‌ಗೆ ಹೋಗುವವರು ಒಂದು ಶಿಸ್ತು ಇಟ್ಟುಕೊಳ್ಳಿ: ಒಂದೇ ಮಾಡನ್ನು ಎರಡೂ ಕಡೆಯಿಂದ ಹಾಕಬೇಡಿ. ಲೋಡ್ ಆರ್ಡರನ್ನು, ಅಂದರೆ ಆಟ ಮಾಡ್‌ಗಳನ್ನು ಓದುವ ಕ್ರಮವನ್ನು, ಆಟದ ಮೆನುವಿನಲ್ಲೂ ಮ್ಯಾನೇಜರ್‌ನಲ್ಲೂ ತಿದ್ದುತ್ತಾ ಹೋದರೆ ಒಂದು ಇನ್ನೊಂದರ ಕೆಲಸ ಅಳಿಸುತ್ತದೆ.

ವೋರ್ಟೆಕ್ಸ್

ಇದು ಮಾಡ್ ಹಂಚುವ ಜಾಲತಾಣ ನೆಕ್ಸಸ್ ಮಾಡ್ಸ್‌ನವರದೇ ಮ್ಯಾನೇಜರ್, ಉಚಿತ. ಮಾಡ್‌ಗಳನ್ನು ಸ್ಟೇಜಿಂಗ್ ಎಂಬ ಫೋಲ್ಡರ್‌ನಲ್ಲಿ ಬೇರೆ ಬೇರೆಯಾಗಿ ಇಟ್ಟು, 'ಡಿಪ್ಲಾಯ್' ಮಾಡಿದಾಗ ಡೇಟಾ ಫೋಲ್ಡರ್‌ಗೆ ಹಾರ್ಡ್‌ಲಿಂಕ್ ಹಾಕುತ್ತದೆ. ಹಾರ್ಡ್‌ಲಿಂಕ್ ಅಂದರೆ ಡಿಸ್ಕ್‌ನಲ್ಲಿರುವ ಒಂದೇ ಫೈಲ್ ಎರಡು ಜಾಗದಲ್ಲಿ ಕಾಣುವುದು, ಎರಡರಷ್ಟು ಜಾಗ ಹೋಗುವುದಿಲ್ಲ. 'ಪರ್ಜ್' ಒತ್ತಿದರೆ ಲಿಂಕ್‌ಗಳು ಕಳಚಿ ಆಟ ಮೊದಲಿನಂತಾಗುತ್ತದೆ. ಹೊಸಬರು ಎಡವುವುದು ಇಲ್ಲಿ: ಹಾರ್ಡ್‌ಲಿಂಕ್ ಒಂದೇ ಪಾರ್ಟಿಷನ್‌ನೊಳಗೆ ಮಾತ್ರ ಸಾಧ್ಯ. ಆಟ ಡಿ ಡ್ರೈವ್‌ನಲ್ಲಿದ್ದರೆ ಸ್ಟೇಜಿಂಗ್ ಫೋಲ್ಡರ್ ಕೂಡ ಡಿ ಡ್ರೈವ್‌ನಲ್ಲೇ ಇರಬೇಕು. ಇದನ್ನು ಮೊದಲ ಮಾಡ್ ಹಾಕುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ. ಆಮೇಲೂ ಆಗುತ್ತದೆ, ಆದರೆ ಅಷ್ಟೂ ಫೈಲ್ ಸಾಗಿಸುವವರೆಗೆ ಕಾಯಬೇಕು.

ಎರಡು ಮಾಡ್ ಡಿಕ್ಕಿ ಹೊಡೆದರೆ ವೋರ್ಟೆಕ್ಸ್ ಮಿಂಚಿನ ಗುರುತು ತೋರಿಸಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಕೇಳುತ್ತದೆ. ನೀವು ಕೊಟ್ಟ ಉತ್ತರ ನಿಯಮವಾಗಿ ಉಳಿಯುತ್ತದೆ. ಹತ್ತು ನಿಯಮದವರೆಗೆ ಹಾಯಾಗಿರುತ್ತದೆ. ನೂರು ದಾಟಿದ ಮೇಲೆ 'ಕ' ಮಾಡ್ 'ಖ' ಮಾಡ್‌ನ ನಂತರ, 'ಖ' ಮಾಡ್ 'ಗ' ನಂತರ, 'ಗ' ಮಾಡ್ 'ಕ' ನಂತರ ಅಂತ ಸುತ್ತು ಬಿದ್ದುಕೊಳ್ಳುತ್ತದೆ. ಅದನ್ನು ಬಿಡಿಸದೆ ಡಿಪ್ಲಾಯ್ ಆಗದು. ಪ್ಲಗಿನ್‌ಗಳ, ಅಂದರೆ ಆಟದ ದಾಖಲೆಗಳನ್ನು ಬದಲಿಸುವ ಮಾಡ್ ಫೈಲ್‌ಗಳ, ಕ್ರಮವನ್ನು ಒಳಗೇ ಇರುವ ಲೂಟ್ ಎಂಬ ಉಪಕರಣ ಹೊಂದಿಸುತ್ತದೆ, ಹೊಸಬರಿಗೆ ಅದು ಸಾಕು. ಇನ್ನೊಂದು ಸಂಗತಿ: ಪಾತ್ರಗಳ ಮೈಕಟ್ಟು ಹೊಂದಿಸುವ ಬಾಡಿಸ್ಲೈಡ್‌ನಂಥ ಹೊರಗಿನ ಉಪಕರಣ ಓಡಿಸಿದ ಮೇಲೆ 'ಫೈಲ್ ಹೊರಗಿನಿಂದ ಬದಲಾಗಿದೆ, ಉಳಿಸಲೋ ಹಿಂದಿನದಕ್ಕೆ ತರಲೋ' ಅಂತ ಕೇಳುತ್ತದೆ. ಓದದೆ ಒತ್ತಿದರೆ ಮಾಡಿದ ಕೆಲಸ ಹೋಗುತ್ತದೆ.

ನೂರರೊಳಗಿನ ಮಾಡ್‌ಗೆ, ಜೊತೆಗೆ ಬೇರೆ ಆಟಗಳಿಗೂ ಇದೇ ಮ್ಯಾನೇಜರ್ ಇರಲಿ ಅನ್ನುವವರಿಗೆ ವೋರ್ಟೆಕ್ಸ್ ಒಳ್ಳೆಯದು. ಇದನ್ನು 'ಮಕ್ಕಳಾಟ' ಅಂತ ಹೀಗಳೆಯುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಮಾಡ್ ಆರ್ಗನೈಸರ್ 2

ಇದು ಡೇಟಾ ಫೋಲ್ಡರನ್ನು ಮುಟ್ಟುವುದೇ ಇಲ್ಲ. ಪ್ರತಿ ಮಾಡ್‌ಗೂ ತನ್ನದೇ ಫೋಲ್ಡರ್. ಆಟವನ್ನು ಇದರ ಮೂಲಕ ತೆರೆದಾಗ ಮಾತ್ರ ಅವೆಲ್ಲ ಡೇಟಾ ಫೋಲ್ಡರ್‌ನಲ್ಲೇ ಇವೆಯೇನೋ ಎಂಬಂತೆ ಆಟಕ್ಕೆ ತೋರಿಸುತ್ತದೆ. ಪುಸ್ತಕದ ಪುಟದ ಮೇಲೆ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬರೆದಂತೆ: ಮೇಲಿನ ಹಾಳೆಯದು ಕಣ್ಣಿಗೆ ಬೀಳುತ್ತದೆ, ಹಾಳೆ ಎತ್ತಿದರೆ ಪುಟ ಹಾಗೇ ಇದೆ. ಇದರಿಂದ ಬರುವ ಮೊದಲ ಪಾಠ, ಎಸ್‌ಕೆಎಸ್‌ಇ ಲೋಡರ್, ಪ್ಲಗಿನ್ ತೆರೆದು ತಿದ್ದುವ ಎಸ್‌ಎಸ್‌ಇಎಡಿಟ್, ಬಾಡಿಸ್ಲೈಡ್ ಎಲ್ಲವನ್ನೂ ಮಾಡ್ ಆರ್ಗನೈಸರ್‌ನ ಒಳಗಿನಿಂದಲೇ ಓಡಿಸಬೇಕು. ಡೆಸ್ಕ್‌ಟಾಪ್ ಐಕಾನ್ ಒತ್ತಿ ಆಟ ತೆರೆದು 'ಒಂದೂ ಮಾಡ್ ಕಾಣುತ್ತಿಲ್ಲ' ಅಂತ ಕೇಳುವವರು ಸದಾ ಇದ್ದೇ ಇರುತ್ತಾರೆ.

ಪರದೆಯಲ್ಲಿ ಎರಡು ಪಟ್ಟಿ. ಎಡಗಡೆಯದು ಫೈಲ್‌ಗಳ ಆದ್ಯತೆ: ಟೆಕ್ಸ್ಚರ್, ಮೆಶ್ (ವಸ್ತುವಿನ ಆಕಾರ), ಸ್ಕ್ರಿಪ್ಟ್. ಬಲಗಡೆಯದು ಪ್ಲಗಿನ್‌ಗಳ ಲೋಡ್ ಆರ್ಡರ್: ಇಎಸ್‌ಎಮ್, ಇಎಸ್‌ಪಿ, ಇಎಸ್‌ಎಲ್. ಎರಡರಲ್ಲೂ ಕೆಳಗಿರುವುದು ಗೆಲ್ಲುತ್ತದೆ. ಆದರೆ ಇವೆರಡೂ ಬೇರೆ ಬೇರೆ ಎಂಬುದು ತಲೆಗೆ ಹತ್ತುವವರೆಗೆ ಎಷ್ಟು ಎಳೆದಾಡಿದರೂ ಪ್ರಯೋಜನವಿಲ್ಲ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಒಂದು ಮಾಡ್ ವೈಟ್‌ರನ್ ಊರಿನ ಜನರ ಮುಖ ಬದಲಿಸುತ್ತದೆ, ಇನ್ನೊಂದು ಅದೇ ಜನರ ಉಡುಪು ಬದಲಿಸುತ್ತದೆ. ಮುಖದ ಮಾಡ್‌ನಲ್ಲಿ ಎರಡು ಭಾಗ: ಮೂಗು, ಗಲ್ಲ ಎಷ್ಟಿರಬೇಕು ಅಂತ ಹೇಳುವ ಪ್ಲಗಿನ್, ಅದಕ್ಕೆ ತಕ್ಕಂತೆ ಮೊದಲೇ ಕಟ್ಟಿಟ್ಟ ಫೇಸ್‌ಜೆನ್ ಫೈಲ್‌ಗಳು. ಫೇಸ್‌ಜೆನ್ ಫೈಲ್ ಮೊದಲ ಮಾಡ್‌ನದು ಗೆದ್ದು, ಪ್ಲಗಿನ್ ಮಾತ್ರ ಎರಡನೆಯದು ಗೆದ್ದರೆ ಎರಡೂ ತಾಳೆಯಾಗುವುದಿಲ್ಲ. ಆಗ ದೇಹ ಒಂದು ಬಣ್ಣ, ಮುಖ ಮಸಿ ಬಳಿದಂತೆ ಕಪ್ಪು. ಇದಕ್ಕೆ ಮದ್ದು ಟೆಕ್ಸ್ಚರ್ ಪ್ಯಾಕ್ ಬದಲಿಸುವುದಲ್ಲ. ಎಸ್‌ಎಸ್‌ಇಎಡಿಟ್‌ನಲ್ಲಿ ಆ ವ್ಯಕ್ತಿಯ ದಾಖಲೆ ತೆರೆಯಿರಿ. ಪಕ್ಕಪಕ್ಕದ ಕಾಲಂಗಳಲ್ಲಿ ಕಟ್ಟಕಡೆಯ ಬಲಗಡೆಯದು ಗೆದ್ದ ಪ್ಲಗಿನ್. ಮುಖದ ಮಾಡ್ ಕೊನೆಗೆ ಬರುವಂತೆ ಸರಿಸಿ, ಅಥವಾ ಎರಡನ್ನೂ ಬೆಸೆಯುವ ಪ್ಯಾಚ್ ಇದ್ದರೆ ಹಾಕಿ. ಇಷ್ಟನ್ನು ಹುಡುಕಲು ಮಾಡ್ ಆರ್ಗನೈಸರ್‌ನ ಎಡ ಪಟ್ಟಿಯಲ್ಲಿರುವ ಮಿಂಚಿನ ಗುರುತು ನೆರವಾಗುತ್ತದೆ. ಕೂಡಿಸುವ ಚಿಹ್ನೆ ಇದ್ದರೆ ಆ ಮಾಡ್ ಇನ್ನೊಂದನ್ನು ಮುಚ್ಚಿದೆ, ಕಳೆಯುವ ಚಿಹ್ನೆ ಇದ್ದರೆ ತಾನೇ ಮುಚ್ಚಿಹೋಗಿದೆ. ಮಾಡ್ ಮೇಲೆ ಡಬಲ್ ಕ್ಲಿಕ್ ಮಾಡಿ ಕಾನ್‌ಫ್ಲಿಕ್ಟ್ಸ್ ಟ್ಯಾಬ್ ತೆರೆದರೆ ಒಂದೊಂದು ಫೈಲಿನ ಲೆಕ್ಕವೂ ಸಿಗುತ್ತದೆ.

ಪ್ರೊಫೈಲ್ ಸೌಲಭ್ಯ ಇನ್ನೊಂದು ಬಲ. ಮಾಂತ್ರಿಕನಿಗೆ ಒಂದು ಮಾಡ್ ಕಟ್ಟು, ಕಳ್ಳನಿಗೆ ಒಂದು, ಪ್ರಯೋಗಕ್ಕೆ ಇನ್ನೊಂದು, ಸೇವ್‌ಗಳೂ ಬೇರೆ ಬೇರೆ. ಡಿಸ್ಕ್‌ನಲ್ಲಿ ಮಾಡ್ ಮಾತ್ರ ಒಂದೇ ಪ್ರತಿ.

ಕಿರಿಕಿರಿಗಳೂ ಇವೆ. ಎಸ್‌ಕೆಎಸ್‌ಇ ಲೋಡರ್, ಬೆಳಕು ನೆರಳು ಬದಲಿಸುವ ಇಎನ್‌ಬಿಯ ಡಿಎಲ್‌ಎಲ್ ಇವೆಲ್ಲ ಡೇಟಾ ಫೋಲ್ಡರ್‌ಗೆ ಅಲ್ಲ, ಆಟದ ಮೂಲ ಫೋಲ್ಡರ್‌ಗೇ ಹೋಗಬೇಕು. ಮಾಡ್ ಆರ್ಗನೈಸರ್ ಅದನ್ನು ತಾನಾಗಿ ನೋಡಿಕೊಳ್ಳುವುದಿಲ್ಲ, ಕೈಯಾರೆ ಹಾಕಬೇಕು ಇಲ್ಲವೇ ರೂಟ್ ಬಿಲ್ಡರ್ ಎಂಬ ಪ್ಲಗಿನ್ ಸೇರಿಸಬೇಕು. ಉಪಕರಣಗಳು ಹುಟ್ಟಿಸುವ ಹೊಸ ಫೈಲ್‌ಗಳೆಲ್ಲ 'ಓವರ್‌ರೈಟ್' ಫೋಲ್ಡರ್‌ನಲ್ಲಿ ರಾಶಿ ಬೀಳುತ್ತವೆ. ಆಗಾಗ ಅದನ್ನು ಹೆಸರಿಟ್ಟ ಮಾಡ್ ಆಗಿ ಮಾಡಿಕೊಳ್ಳದಿದ್ದರೆ ಮೂರು ತಿಂಗಳ ಬಳಿಕ ಏನು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಮೊದಲ ವಾರಾಂತ್ಯ ಕಲಿಕೆಗೇ ಹೋಗುತ್ತದೆ. ಆದರೂ ಇನ್ನೂರು ಮುನ್ನೂರು ಮಾಡ್‌ನ ಆಸೆ ನಿಮಗೆ ಈಗಲೇ ಇದ್ದರೆ ಇಲ್ಲಿಂದಲೇ ಶುರು ಮಾಡಿ. ಅರ್ಧ ದಾರಿಯಲ್ಲಿ ಮ್ಯಾನೇಜರ್ ಬದಲಿಸುವ ಕಷ್ಟದ ಮುಂದೆ ಈ ಕಲಿಕೆ ಏನೇನೂ ಅಲ್ಲ.

ಸಿದ್ಧ ಪಟ್ಟಿಗಳು: ಕಲೆಕ್ಷನ್ಸ್ ಮತ್ತು ವಾಬಾಜ್ಯಾಕ್

ಕಲೆಕ್ಷನ್ಸ್ ವೋರ್ಟೆಕ್ಸ್‌ನ ಭಾಗ. ಒಬ್ಬರು ಆರಿಸಿ ಹೊಂದಿಸಿಟ್ಟ ಮಾಡ್‌ಗಳನ್ನು ಅವರ ನಿಯಮಗಳ ಸಮೇತ ಇಳಿಸಿಕೊಳ್ಳುವುದು. ಚಿಕ್ಕ ಕಲೆಕ್ಷನ್ ಒಳ್ಳೆಯ ಅಡಿಪಾಯ. ಕಡ್ಡಾಯ ತಿದ್ದುಪಡಿಗಳು, ಮೆನು, ಒಂದಿಷ್ಟು ಟೆಕ್ಸ್ಚರ್ ಮಾತ್ರ ಇರುವುದನ್ನು ಆರಿಸಿದರೆ ಅದರ ಮೇಲೆ ನಿಮ್ಮದನ್ನು ಕಟ್ಟಬಹುದು. ಆದರೆ ಈಗಾಗಲೇ ನಲವತ್ತು ಮಾಡ್ ಇರುವ ಪ್ರೊಫೈಲ್‌ಗೆ ದೊಡ್ಡ ಕಲೆಕ್ಷನ್ ಸುರಿಯಬೇಡಿ. ನಿಮ್ಮ ನಿಯಮ, ಅವರ ನಿಯಮ ಎರಡೂ ಗಂಟುಬೀಳುತ್ತವೆ. ಹೊಸ ಪ್ರೊಫೈಲ್ ತೆರೆದು ಹಾಕಿ.

ವಾಬಾಜ್ಯಾಕ್ ಇನ್ನೂ ಒಂದು ಹೆಜ್ಜೆ ಮುಂದೆ. ಪಟ್ಟಿ ಮಾಡಿದವರ ಮಾಡ್ ಆರ್ಗನೈಸರ್ ಸೆಟಪ್ ಹೇಗಿದೆಯೋ ಹಾಗೇ ನಿಮ್ಮ ಡಿಸ್ಕ್‌ನಲ್ಲಿ ಮರುನಿರ್ಮಿಸುತ್ತದೆ. ಪ್ರತಿ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡುತ್ತದೆ, ಆದ್ದರಿಂದ ಹೆಚ್ಚುಕಡಿಮೆ ಆಗುವ ಮಾತಿಲ್ಲ. ಅನೇಕ ಪಟ್ಟಿಗಳು ಆಟದ ಒಂದು ಪ್ರತಿಯನ್ನೂ ತಮ್ಮ ಫೋಲ್ಡರ್‌ನೊಳಗೇ ಇಟ್ಟುಕೊಳ್ಳುತ್ತವೆ, ಹಾಗಾಗಿ ಸ್ಟೀಮ್ ಅಪ್‌ಡೇಟ್ ಬಂದರೂ ಅಲುಗಾಡುವುದಿಲ್ಲ. ನೂರಾರು ಮಾಡ್‌ಗಳು ಒಂದಕ್ಕೊಂದು ಪ್ಯಾಚ್ ಆಗಿ ಬರುತ್ತವೆ. ಆ ಪ್ಯಾಚ್ ಕೆಲಸವನ್ನು ನೀವೇ ಮಾಡಬೇಕಿದ್ದರೆ ತಿಂಗಳುಗಳೇ ಬೇಕು.

ಬೆಲೆ ಬೇರೆ ರೂಪದಲ್ಲಿ ತೆರಬೇಕು. ನೆಕ್ಸಸ್ ಪ್ರೀಮಿಯಂ ಎಂಬ ಹಣ ಕೊಟ್ಟು ಪಡೆಯುವ ಸದಸ್ಯತ್ವ ಇಲ್ಲದವರು ಪ್ರತಿ ಫೈಲಿಗೂ ಡೌನ್‌ಲೋಡ್ ಬಟನ್ ಕೈಯಾರೆ ಒತ್ತಬೇಕು. ಕಲೆಕ್ಷನ್ಸ್‌ಗೂ ಇದೇ ನಿಯಮ. ಎಂಟುನೂರು ಮಾಡ್‌ನ ಪಟ್ಟಿ ಅಂದರೆ ಎಂಟುನೂರಕ್ಕೂ ಹೆಚ್ಚು ಸಲ, ಅದೂ ಮಿತಿ ಹಾಕಿದ ವೇಗದಲ್ಲಿ. ಒಂದು ತಿಂಗಳ ಮಟ್ಟಿಗೆ ಪ್ರೀಮಿಯಂ ಕೊಂಡು ಎಲ್ಲ ಇಳಿಸಿಕೊಂಡು ನಿಲ್ಲಿಸುವುದು ಜನ ಮಾಡುವ ಲೆಕ್ಕಾಚಾರ, ಅದರಲ್ಲಿ ತಪ್ಪೇನಿಲ್ಲ. ಡಿಸ್ಕ್‌ನಲ್ಲಿ ಡೌನ್‌ಲೋಡ್ ಒಂದು ಪಾಲು, ಬಿಚ್ಚಿ ಹಾಕಿದ್ದು ಇನ್ನೊಂದು ಪಾಲು. ದೊಡ್ಡ ಪಟ್ಟಿಗಳು ಎರಡೂ ಸೇರಿ ನೂರಾರು ಜಿಬಿ. ಡೌನ್‌ಲೋಡ್ ಫೋಲ್ಡರನ್ನು ನಿಧಾನದ ಹಾರ್ಡ್‌ಡಿಸ್ಕ್‌ನಲ್ಲಿಟ್ಟು, ಆಡುವ ಭಾಗವನ್ನು ಮಾತ್ರ ಎಸ್‌ಎಸ್‌ಡಿಯಲ್ಲಿ ಇಟ್ಟರೆ ಉಸಿರಾಡಬಹುದು.

ಇನ್ನು ನನ್ನ ಮುಖ್ಯ ತಕರಾರು. ಪಟ್ಟಿಯನ್ನು ಮುಟ್ಟದೆ ಆಡಿದರೆ ಮಾತ್ರ ಅದನ್ನು ಮಾಡಿದವರು ನೆರವು ಕೊಡುತ್ತಾರೆ. ನೀವು ಒಂದು ಮಾಡ್ ಸೇರಿಸಿದ ಗಳಿಗೆಯಿಂದ ಅದು ನಿಮ್ಮ ಸಮಸ್ಯೆ, ಮತ್ತು ನಿಮಗೆ ಒಳಗೆ ಏನಿದೆ ಅಂತ ಗೊತ್ತಿಲ್ಲ. ಪಟ್ಟಿ ಅಪ್‌ಡೇಟ್ ಮಾಡಿದರೆ ನೀವು ಸೇರಿಸಿದ್ದೂ ಅಳಿಸಿಹೋಗುತ್ತದೆ. ಉಳಿಯಬೇಕೆಂದರೆ ಮಾಡ್‌ನ ಹೆಸರಿನ ಮುಂದೆ ಚೌಕ ಆವರಣದಲ್ಲಿ 'ನೋಡಿಲೀಟ್' ಎಂಬ ಗುರುತನ್ನು ಇಂಗ್ಲಿಷಿನಲ್ಲಿ ಹಾಕಿರಬೇಕು. ಹಳೆಯ ಸೇವ್ ಹೊಸ ಅಪ್‌ಡೇಟ್‌ನಲ್ಲಿ ನಡೆಯುತ್ತದೆಯೇ ಎಂಬುದನ್ನು ಪಟ್ಟಿಯ ರೀಡ್‌ಮಿ ಓದಿಯೇ ತಿಳಿಯಬೇಕು. ಅದನ್ನು ಓದಲು ಬೇಸರಪಡುವವರಿಗೆ ಈ ದಾರಿ ಹೇಳಿದ್ದಲ್ಲ.

ಗ್ರಾಫಿಕ್ಸ್ ಕಾರ್ಡ್‌ನ ಲೆಕ್ಕ

ಯಾವ ದಾರಿ ಹಿಡಿದರೂ ವಿಆರ್‌ಎಎಮ್, ಅಂದರೆ ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯ, ಮಿತಿ ಒಂದೇ. 2ಕೆ (ಉದ್ದ ಅಗಲ 2048 ಪಿಕ್ಸೆಲ್) ಟೆಕ್ಸ್ಚರ್ ಬಿಸಿ7 ಎಂಬ ಸಂಕೋಚನದಲ್ಲಿ, ಮಿಪ್‌ಮ್ಯಾಪ್ ಎಂಬ ಚಿಕ್ಕ ಪ್ರತಿಗಳೂ ಸೇರಿ ಸುಮಾರು 5.3 ಎಂಬಿ, 4ಕೆ ಆದರೆ ಸುಮಾರು 21.3 ಎಂಬಿ. ಉದ್ದ ಅಗಲ ಎರಡೂ ಇಮ್ಮಡಿ, ಹಾಗಾಗಿ ಗಾತ್ರ ನಾಲ್ಕು ಪಟ್ಟು. ಒಂದು ಬಂಡೆಗೆ ಬಣ್ಣದ ಟೆಕ್ಸ್ಚರ್ ಒಂದು, ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪ್ ಒಂದು ಬೇಕು. ಒಂದು ನೋಟದಲ್ಲಿ ನೂರಾರು ವಸ್ತುಗಳು ಇರುತ್ತವೆ. 4 ಜಿಬಿ ಕಾರ್ಡ್ ಇದ್ದರೆ ಎಲ್ಲವೂ 2ಕೆ ಅಥವಾ 1ಕೆ ಇರಲಿ. 8 ಜಿಬಿ ಇದ್ದರೆ ಬೆಟ್ಟ, ನೆಲ, ಊರಿನ ಗೋಡೆಯಂಥ ದೊಡ್ಡವಕ್ಕೆ 4ಕೆ, ಚಮಚ ಬಟ್ಟಲಿಗೆ 1ಕೆ. ಮಿತಿ ದಾಟಿದಾಗ ಆಟ ಕ್ರ್ಯಾಶ್ ಆಗುವ ಮುಂಚೆ ತಿರುಗಿದಾಗಲೆಲ್ಲ ಜಗ್ಗತೊಡಗುತ್ತದೆ. ಹೊಸಬರು ಅದನ್ನು ಸ್ಕ್ರಿಪ್ಟ್ ಮಾಡ್‌ಗಳ ತಲೆಗೆ ಕಟ್ಟುತ್ತಾರೆ.

ಹಾಗಾದರೆ ಯಾವುದು ಯಾರಿಗೆ?

ಚಿಕ್ಕ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್, ನಿಧಾನದ ಇಂಟರ್‌ನೆಟ್, ಇಪ್ಪತ್ತು ಮೂವತ್ತು ಮಾಡ್‌ನ ಆಸೆ: ವೋರ್ಟೆಕ್ಸ್. ಎರಡು ಬಾರಿ ಯೋಚಿಸಬೇಕಾಗಿಲ್ಲ.

ಆಟದ ಒಳಗೇನಾಗುತ್ತಿದೆ ಅಂತ ತಿಳಿಯುವ ಕುತೂಹಲ ಇದ್ದು, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ ಅಂತ ಗೊತ್ತಿರುವವರಿಗೆ ಮಾಡ್ ಆರ್ಗನೈಸರ್. ಮುಂದೆ ಸ್ವಂತ ಪ್ಯಾಚ್ ಮಾಡುವ ಆಸೆ ಇದ್ದವರಿಗಂತೂ ಅದೇ.

ಕೆಲಸ ಮುಗಿಸಿ ರಾತ್ರಿ ಎರಡು ಗಂಟೆ ಆಡಲು ಕೂರುವವರು, ಮಾಡ್ ಹಾಕುವುದೇ ಹವ್ಯಾಸ ಆಗಬಾರದು ಅನ್ನುವವರು, ಡಿಸ್ಕ್ ಮತ್ತು ಡೌನ್‌ಲೋಡ್‌ಗೆ ಕೊರತೆ ಇಲ್ಲದವರು ವಾಬಾಜ್ಯಾಕ್ ಹಿಡಿಯಲಿ, ಮುಟ್ಟದೆ ಆಡಲಿ. ಇದರಿಂದ ಮಾಡ್ ಹಾಕುವುದನ್ನು ಕಲಿಯಬಹುದು ಅಂದುಕೊಂಡರೆ ನಿರಾಸೆ ಖಂಡಿತ. ಸಾವಿರ ಮಾಡ್‌ನ ನಡುವೆ ಕಲಿಕೆ ಎಲ್ಲಿಂದ ಶುರು ಮಾಡುವುದು?

ಗೇಮ್ ಪಾಸ್‌ನವರಿಗೆ, ಸೆಟ್ಟಿಂಗ್ ಎಂದರೆ ಆಗದವರಿಗೆ ಕ್ರಿಯೇಷನ್ಸ್. ಕಲೆಕ್ಷನ್ಸನ್ನು ನಾನು ಚಿಕ್ಕ ಅಡಿಪಾಯಕ್ಕೆ ಮಾತ್ರ ಸೂಚಿಸುತ್ತೇನೆ. ದೊಡ್ಡದೇ ಬೇಕಿದ್ದರೆ ವಾಬಾಜ್ಯಾಕ್ ಅದಕ್ಕಿಂತ ಗಟ್ಟಿ.

ವೋರ್ಟೆಕ್ಸ್ ಅಥವಾ ಮಾಡ್ ಆರ್ಗನೈಸರ್ ಆರಿಸಿದವರ ಮೊದಲ ಸಂಜೆ

ಆಟ ಪ್ರೋಗ್ರಾಮ್ ಫೈಲ್ಸ್ ಒಳಗಿದ್ದರೆ ಮೊದಲು ಅಲ್ಲಿಂದ ಎತ್ತಿ. ವಿಂಡೋಸ್ ಆ ಫೋಲ್ಡರ್‌ಗೆ ಕಾವಲಿಟ್ಟಿರುತ್ತದೆ, ಉಪಕರಣಗಳು ಬರೆದ ಫೈಲ್ ಒಮ್ಮೊಮ್ಮೆ ಜಾಗಕ್ಕೆ ಬೀಳುವುದೇ ಇಲ್ಲ. ಸ್ಟೀಮ್‌ನಲ್ಲಿ ಬೇರೆ ಲೈಬ್ರರಿ ಫೋಲ್ಡರ್ ಮಾಡಿ ಅಲ್ಲಿಗೆ ಸರಿಸಿ. ಒಮ್ಮೆ ಮಾಮೂಲಿ ಲಾಂಚರ್‌ನಿಂದ ಆಟ ತೆರೆದು ಮುಚ್ಚಿ. ಆಟದ ಸೆಟ್ಟಿಂಗ್ ಇರುವ ಐಎನ್‌ಐ ಫೈಲ್‌ಗಳು ಹುಟ್ಟುವುದು ಆಗಲೇ.

ಬಳಿಕ ನಿಮ್ಮ ಸಂಖ್ಯೆಗೆ ಹೊಂದುವ ಎಸ್‌ಕೆಎಸ್‌ಇ: 1.6.1170ಕ್ಕೆ 2.2.6, 1.5.97ಕ್ಕೆ 2.0.20. ಲೋಡರ್ ಮತ್ತು ಡಿಎಲ್‌ಎಲ್ ಆಟದ ಮೂಲ ಫೋಲ್ಡರ್‌ಗೆ, ಅದರ ಡೇಟಾ ಒಳಗಿನ ಸ್ಕ್ರಿಪ್ಟ್‌ಗಳನ್ನು ಮಾಡ್ ಆಗಿ. ಆಮೇಲೆ ಡಿಎಲ್‌ಎಲ್ ಮಾಡ್‌ಗಳಿಗೆ ಆಟದೊಳಗಿನ ವಿಳಾಸ ಹುಡುಕಿಕೊಡುವ ಅಡ್ರೆಸ್ ಲೈಬ್ರರಿ, ಸ್ಕೈಯುಐ, ಆಟದ ದೋಷ ತಿದ್ದುವ ಅನಧಿಕೃತ ಪ್ಯಾಚ್, ಕುಸಿದ ಕಾರಣ ದಾಖಲಿಸುವ ಕ್ರ್ಯಾಶ್ ಲಾಗರ್. ಇಷ್ಟಕ್ಕೇ ನಿಂತು ಆಟ ತೆರೆಯಿರಿ. ಕನ್ಸೋಲ್‌ನಲ್ಲಿ 'ಗೆಟ್‌ಎಸ್‌ಕೆಎಸ್‌ಇವರ್ಷನ್' ಎಂಬ ಆಜ್ಞೆ ಇಂಗ್ಲಿಷಿನಲ್ಲಿ ಕೊಟ್ಟರೆ ಸಂಖ್ಯೆ ಬರಬೇಕು. ಬರದಿದ್ದರೆ ಮುಂದೆ ಒಂದು ಮಾಡ್ ಕೂಡ ಹಾಕಬೇಡಿ. ಮುಂದಿನವನ್ನು ಐದೈದಾಗಿ ಹಾಕಿ, ಪ್ರತಿ ಸಲವೂ ಆಟ ತೆರೆದು ಊರೊಳಗೆ ಒಂದು ಸುತ್ತು ಹಾಕಿ ಬನ್ನಿ. ಮೊದಲ ದಿನವೇ ಎಂಬತ್ತು ಹಾಕಿ ಆಮೇಲೆ ಕಾರಣ ಹುಡುಕುವವರಿಗಿಂತ ಹೀಗೆ ಮಾಡಿದವರೇ ಬೇಗ ಆಡಲು ಕೂರುತ್ತಾರೆ.

ಲಕ್ಷಣ ನೋಡಿ ಕಾರಣ ಊಹಿಸುವುದು ಕಷ್ಟವಲ್ಲ. ಲೋಗೊ ಬಂದೊಡನೆ ಮುಚ್ಚಿಹೋದರೆ ಯಾವುದೋ ಪ್ಲಗಿನ್‌ಗೆ ಬೇಕಾದ ಮಾಸ್ಟರ್ ಫೈಲ್ ಇಲ್ಲ, ಮ್ಯಾನೇಜರ್‌ನಲ್ಲೇ ಎಚ್ಚರಿಕೆ ಕಾಣುತ್ತದೆ. ವಸ್ತುಗಳು ನೇರಳೆ ಬಣ್ಣಕ್ಕೆ ತಿರುಗಿದ್ದರೆ ಟೆಕ್ಸ್ಚರ್ ಇಲ್ಲ. ದೊಡ್ಡ ಕೆಂಪು ಆಶ್ಚರ್ಯಸೂಚಕ ನಿಂತಿದ್ದರೆ ಮೆಶ್ ಇಲ್ಲ. ಜನ ಕೈ ಚಾಚಿ ಕಂಬದಂತೆ ನಿಂತಿದ್ದರೆ ಅನಿಮೇಷನ್ ಉಪಕರಣ, ಅಂದರೆ ನೆಮೆಸಿಸ್ ಅಥವಾ ಪಂಡೋರಾ, ಮತ್ತೆ ಓಡಿಸಿಲ್ಲ. ಪಾತ್ರೆಗಳು ಮೇಜಿನಿಂದ ಹಾರುತ್ತಿದ್ದರೆ ಫ್ರೇಮ್ ದರ 60 ದಾಟಿದೆ. ಆಟದ ಭೌತಲೆಕ್ಕ ಅದಕ್ಕೇ ಕಟ್ಟಿದ್ದು, 60ಕ್ಕೆ ಕಟ್ಟುಹಾಕಿ ಇಲ್ಲವೇ ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್ ಹಾಕಿ.

ಪ್ಲಗಿನ್ ಮಿತಿಯೂ ನೆನಪಿರಲಿ: ಪೂರ್ಣ ಪ್ಲಗಿನ್ 254, ಹಗುರ (ಇಎಸ್‌ಎಲ್) ಪ್ಲಗಿನ್ 4096. ಆಟದ ನಡುವೆ ಸ್ಕ್ರಿಪ್ಟ್ ಇರುವ ಮಾಡ್ ಸೇರಿಸಬಹುದು, ತೆಗೆಯಬೇಡಿ. ಅದರ ಸ್ಕ್ರಿಪ್ಟ್ ಸೇವ್‌ನೊಳಗೆ ಉಳಿದುಬಿಡುತ್ತದೆ, ಇಪ್ಪತ್ತು ಗಂಟೆಯ ನಂತರ ಎಲ್ಲೋ ಒಂದು ಕಡೆ ತೊಂದರೆ ಕೊಡುತ್ತದೆ. ತೆಗೆಯಲೇಬೇಕೆಂದರೆ ಅದನ್ನು ಹಾಕುವ ಹಿಂದಿನ ಸೇವ್‌ಗೆ ಹೋಗಿ. ಟೆಕ್ಸ್ಚರ್ ಮಾಡ್‌ಗಳಿಗೆ ಈ ಭಯವಿಲ್ಲ, ಯಾವಾಗ ಬೇಕಾದರೂ ಹಾಕಿ ತೆಗೆಯಬಹುದು.

ಸ್ಕೈರಿಮ್ ಬೇಡ ಅನ್ನುವವರಿಗೆ

ಬಾಲ್ಡರ್ಸ್ ಗೇಟ್ 3 ಹೊಸಬರಿಗೆ ಹೆಚ್ಚು ಸಲೀಸು. 2024ರ ಸೆಪ್ಟೆಂಬರ್‌ನ ಏಳನೇ ಪ್ಯಾಚ್‌ನಿಂದ ಮಾಡ್ ಮ್ಯಾನೇಜರ್ ಆಟದೊಳಗೇ ಇದೆ. ಆದರೆ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಬೇಡುವ ಮಾಡ್‌ಗಳಿಗೆ ಹೊರಗಿನ ಮ್ಯಾನೇಜರ್ ಬೇಕು, ಆಗ ಎರಡೂ ಕಡೆ ಒಟ್ಟಿಗೆ ಕ್ರಮ ತಿದ್ದಬೇಡಿ. ವಿಚರ್ 3ರಲ್ಲಿ ಮಾಡ್‌ಗಳು ಕಡಿಮೆ, ಘರ್ಷಣೆ ಮುಖ್ಯವಾಗಿ ಸ್ಕ್ರಿಪ್ಟ್‌ಗಳದು. ಸ್ಕ್ರಿಪ್ಟ್ ಮರ್ಜರ್ ಅದನ್ನು ಬೆಸೆಯುತ್ತದೆ, ಆಟದ ಪ್ರತಿ ಅಪ್‌ಡೇಟ್ ಬಳಿಕ ಬೆಸೆದದ್ದನ್ನು ಅಳಿಸಿ ಹೊಸದಾಗಿ ಮಾಡಬೇಕು.

ಹಳೆಯ ಕಂಪ್ಯೂಟರ್ ಇದ್ದು ದೊಡ್ಡ ಲೋಕ ಬೇಕೆನ್ನುವವರಿಗೆ 2002ರ ಮಾರೋವಿಂಡ್ ಇದೆ, ಮೂಲ ಎಂಜಿನ್ ಬದಲು ಓಪನ್‌ಎಮ್‌ಡಬ್ಲ್ಯೂ ಎಂಬ ಮುಕ್ತ ಎಂಜಿನ್‌ನಲ್ಲಿ. ಪ್ರತಿ ಮಾಡ್ ತನ್ನ ಫೋಲ್ಡರ್‌ನಲ್ಲೇ ಇರುತ್ತದೆ. ಕಾನ್ಫಿಗರೇಷನ್ ಫೈಲ್‌ನಲ್ಲಿ ಫೋಲ್ಡರ್‌ಗೆ ಒಂದು ಸಾಲು, ಪ್ಲಗಿನ್‌ಗೆ ಒಂದು ಸಾಲು ಸೇರಿಸಿದರೆ ಮಾಡ್ ಬಂತು, ಸಾಲು ಅಳಿಸಿದರೆ ಹೋಯಿತು. ಮಾರೋವಿಂಡ್‌ನ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಆದ ಎಮ್‌ಡಬ್ಲ್ಯೂಎಸ್‌ಇ ಬೇಡುವ ಮಾಡ್‌ಗಳು ಮಾತ್ರ ಇದರಲ್ಲಿ ಓಡುವುದಿಲ್ಲ, ಡೌನ್‌ಲೋಡ್ ಮಾಡುವ ಮೊದಲು ಮಾಡ್‌ನ ಪುಟದಲ್ಲಿ ಅದನ್ನು ನೋಡಿಕೊಳ್ಳಿ.